ಮನೆಯಲ್ಲಿ ಅಣಬೆಯ ಬೇಸಾಯ: ಹೊಸಬರ ಅವಸರವೂ ಆತಂಕವೂ

ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳಲ್ಲಿ ಸೋಯಾ ಅವರೆಯ ರಾಶಿ ಮುಗಿದ ಮೇಲೆ ಕಣದ ಬದಿಯಲ್ಲಿ ಹೊಟ್ಟಿನ ಗುಡ್ಡೆಗಳು ಉಳಿಯುವುದನ್ನು ವಾಚಕರು ನೋಡಿಯೇ ಇರುವರು. ಜೋಳದ ಕಣಿಕೆಯನ್ನು ರೈತನು ಬಣವೆ ಒಟ್ಟಿ ಜೋಪಾನ ಮಾಡುವನು. ಅದು ದನಗಳ ವರ್ಷದ ಮೇವು. ಸೋಯಾ ಹೊಟ್ಟಿಗಾದರೋ ಅಷ್ಟು ಮರ್ಯಾದೆಯಿಲ್ಲ. ಅದಕ್ಕೆ ಬೆಂಕಿಯಿಟ್ಟು ಹೊಲವನ್ನು ಚೊಕ್ಕಟ ಮಾಡುವವರೂ ಉಂಟು. ಹೀಗೆ ಬೂದಿಯಾಗಿ ಹೋಗುವ ಪದಾರ್ಥದಿಂದಲೇ ಮನೆಯ ಒಂದು ಕೋಣೆಯಲ್ಲಿ ಚಿಪ್ಪಣಬೆಯನ್ನು ಬೆಳೆಯಬಹುದೆಂಬ ಸಂಗತಿಯು ಈಗ ಅನೇಕ ಹಳ್ಳಿಗಳಲ್ಲಿ ತಿಳಿದಿದೆ. ಮಹಿಳಾ ಸಂಘಗಳವರೂ, ಓದು ಮುಗಿಸಿ ಊರಿನಲ್ಲಿ ನಿಂತಿರುವ ತರುಣರೂ ಇದರ ವಿಷಯವಾಗಿ ವಿಚಾರಿಸುತ್ತಿರುವರು.

ಆದರೆ ವಿಚಾರಿಸಿದವರಲ್ಲಿ ಹಲವರು ಮೊದಲನೆಯ ಪ್ರಯತ್ನದಲ್ಲಿಯೇ ಕೈಸುಟ್ಟುಕೊಂಡು, ಇದು ನಮ್ಮಂಥವರಿಗೆ ತಕ್ಕ ಕಸುಬಲ್ಲವೆಂದು ಬಿಟ್ಟುಬಿಡುವರು. ಇದಕ್ಕೆ ಕಾರಣ ಅವರ ಅಜ್ಞಾನವಲ್ಲ. ಮಾಡಬೇಕಾದ ಕ್ರಮವನ್ನು ಅವರು ಕೇಳಿಯೇ ತಿಳಿದಿರುವರು. ಕೆಡುವುದು ಅವಸರದಿಂದ, ಅದಕ್ಕಿಂತಲೂ ಹೆಚ್ಚಾಗಿ, ಅವಸರ ಮಾಡಿದೆವೇನೋ ಎಂಬ ಆತಂಕದಿಂದ. ಈ ಎರಡನ್ನೂ ಕುರಿತು ನನ್ನ ಅನುಭವಕ್ಕೆ ಬಂದುದನ್ನು ಇಲ್ಲಿ ಹೇಳುತ್ತೇನೆ.

ಒಂದು ನಿದರ್ಶನ

ಹುಮನಾಬಾದ ತಾಲ್ಲೂಕಿನ ಒಂದು ಗ್ರಾಮದಲ್ಲಿ ನಾನು ಸರ್ಕೀಟಿನಲ್ಲಿದ್ದಾಗ ಒಬ್ಬ ಗೃಹಿಣಿಯು ನನ್ನನ್ನು ತಮ್ಮ ಮನೆಗೆ ಕರೆದೊಯ್ದರು. ಮಗನ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಭಾಗವನ್ನು ಹಾಕಿ, ಏಳು ಪೊಟ್ಟಣ ಅಣಬೆ ಬೀಜವನ್ನು ತರಿಸಿ, ಇಪ್ಪತ್ತು ಚೀಲಗಳನ್ನು ತುಂಬಿದ್ದರು. ಅಂದಿಗೆ ಒಂಬತ್ತನೆಯ ದಿನ. ಕೋಣೆಯ ಬಾಗಿಲಲ್ಲಿಯೇ ನಿಂತು, “ಸಾಹೇಬರೆ, ನಾನು ಅವಸರ ಮಾಡಿದೆನೇನ್ರಿ? ಮನೆಯವರಿಗೆ ಇನ್ನೂ ಹೇಳಿಲ್ಲ” ಎಂದು ಕೇಳಿದರು.

ನಡೆದ ಸಂಗತಿ ಇಷ್ಟು. ಹೊಟ್ಟು ಸಿದ್ಧವಾಗುವ ಮೊದಲೇ ಬೀಜವು ಬಂದುಬಿಟ್ಟಿತು. ಬೀಜವು ಕೆಟ್ಟೀತೆಂಬ ಭಯದಿಂದ ಆ ಸಂಜೆಯೇ ಸ್ನಾನದ ಹಂಡೆಯಲ್ಲಿ ನೀರು ಕಾಯಿಸಿ, ಹೊಟ್ಟನ್ನು ಬೇಯಿಸಿ, ಅಂಗಳದಲ್ಲಿ ಅರ್ಧ ಗಂಟೆ ಹರಡಿ, ರಾತ್ರಿಯ ದೀಪದಲ್ಲಿ ಒಬ್ಬರೇ ಕುಳಿತು ಚೀಲಗಳನ್ನು ತುಂಬಿದರು. ಪುಣ್ಯವಶಾತ್ ಪ್ರತಿಯೊಂದು ಚೀಲಕ್ಕೂ ತುಂಬಿದ ಅನುಕ್ರಮದಲ್ಲಿ ಸಂಖ್ಯೆ ಬರೆದಿದ್ದರು. ಆ ಸಂಖ್ಯೆಗಳೇ ಕಾರಣವನ್ನು ತೋರಿಸಿಕೊಟ್ಟವು. 1ರಿಂದ 8ರವರೆಗಿನ ಚೀಲಗಳಲ್ಲಿ ಬೀಜದ ಕಾಳು ಹಾಕಿದಂತೆಯೇ ಇದ್ದು, ಕಂದುಬಣ್ಣಕ್ಕೆ ತಿರುಗಿ, ಹುಳಿವಾಸನೆ ಹೊಡೆಯುತ್ತಿತ್ತು. 9ರಿಂದ 20ರವರೆಗಿನ ಚೀಲಗಳಲ್ಲಿ ಬೀಜದ ಪ್ರತಿ ಪದರದ ಸುತ್ತಲೂ ಬೆಳ್ಳನೆಯ ಎಳೆಗಳು ಬಳೆಯಂತೆ ಹಬ್ಬಿದ್ದವು. ಹೊಟ್ಟು ಒಂದೇ, ಬೀಜ ಒಂದೇ, ಕೈಯೂ ಒಂದೇ. ವ್ಯತ್ಯಾಸವೆಂದರೆ, ಮೊದಲು ತುಂಬಿದ ಹೊಟ್ಟು ಒಳಗೆ ಬಿಸಿಯಾಗಿಯೇ ಇತ್ತು. ಅವರು ಒಂದೊಂದಾಗಿ ತುಂಬುತ್ತ ಹೋದಂತೆ ಉಳಿದ ಹೊಟ್ಟು ತಾನಾಗಿಯೇ ಆರಿತು. ಇನ್ನೊಂದು ಗಂಟೆ ಕಾದಿದ್ದರೆ ಇಪ್ಪತ್ತೂ ಉಳಿಯುತ್ತಿದ್ದವು.

ಇಷ್ಟೇ ಆಗಿದ್ದರೆ ಹನ್ನೆರಡು ಚೀಲಗಳ ಬೆಳೆಯಾದರೂ ಕೈಗೆ ಬರಬೇಕಾಗಿತ್ತು. ಆದರೆ ಆ ತಾಯಿ ಬಾಗಿಲ ಹತ್ತಿರದ ಮೂರು ಚೀಲಗಳ ಬಾಯಿಯನ್ನು ದಿನವೂ ಬಿಚ್ಚಿ, ಬೆರಳಿನಿಂದ ಹೊಟ್ಟನ್ನು ಸರಿಸಿ, ಬೆಳೆದಿದೆಯೇ ಎಂದು ನೋಡುತ್ತಿದ್ದರು. ಆ ಮೂರರಲ್ಲಿಯೂ ಹಸುರು ಬೂಷ್ಟು ಕಾಣಿಸಿಕೊಂಡಿತ್ತು. ಎಂಟು ಚೀಲಗಳನ್ನು ಅವಸರವು ಕೆಡಿಸಿದರೆ, ಮೂರು ಚೀಲಗಳನ್ನು ಆತಂಕವು ಕೆಡಿಸಿತು.

ಇದನ್ನು ಬರೆಯುವಾಗ ನನ್ನ ತಪ್ಪನ್ನೂ ಒಪ್ಪಿಕೊಳ್ಳುವುದು ನ್ಯಾಯ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಸವಕಲ್ಯಾಣದ ಹತ್ತಿರ ಒಬ್ಬ ರೈತನ ಮನೆಯಲ್ಲಿ ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಿದ್ದೆನು. ಮೇಲಧಿಕಾರಿಗಳು ಬರುವ ದಿನ ನಿಶ್ಚಿತವಾಗಿದ್ದುದರಿಂದ, ನೀರು ಬಸಿಯದ ಹೊಟ್ಟನ್ನೇ ತುಂಬಿಸಿದೆನು. ಅಧಿಕಾರಿಗಳು ಬಂದು ನೋಡಿ ಸಂತೋಷಪಟ್ಟು ಹೋದರು. ಎರಡು ವಾರಗಳಲ್ಲಿ ಚೀಲಗಳೆಲ್ಲ ಕೊಳೆತು ನಾರಿದವು. ಆ ರೈತನು ನನ್ನನ್ನು ಒಂದು ಮಾತೂ ಆಡಲಿಲ್ಲ; ಆದರೆ ಮತ್ತೆಂದೂ ಅಣಬೆಯ ಹೆಸರೆತ್ತಲಿಲ್ಲ. ಅವಸರದ ವಿಷಯದಲ್ಲಿ ನಾನು ಇತರರಿಗೆ ಬುದ್ಧಿ ಹೇಳುವುದಕ್ಕೆ ಅದೇ ನನಗೆ ಪಾಠವಾಯಿತು.

ಅಣಬೆಯ ಸ್ವಭಾವ

ಅಣಬೆಯು ಹಸುರು ಗಿಡವಲ್ಲ. ಬಿಸಿಲಿನಿಂದ ಆಹಾರವನ್ನು ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೊಟ್ಟು, ಹುಲ್ಲು, ಕಟ್ಟಿಗೆ ಮೊದಲಾದುವನ್ನು ತನ್ನ ಸೂಕ್ಷ್ಮವಾದ ಎಳೆಗಳಿಂದ ಕರಗಿಸಿ ಉಣ್ಣುವುದು. ನಾವು ತಿನ್ನುವ ಕೊಡೆಯು ಆ ಎಳೆಗಳು ಬಿಡುವ ಫಲವೇ ಹೊರತು ಬೇರೆಯಲ್ಲ. ಅಣಬೆ ಬೀಜವೆಂದು ನಾವು ಕರೆಯುವುದು ಕೂಡ ನಿಜವಾದ ಬೀಜವಲ್ಲ. ಬೇಯಿಸಿ ಶುದ್ಧಿಮಾಡಿದ ಜೋಳ ಅಥವಾ ಗೋಧಿಯ ಕಾಳಿನ ಮೇಲೆ ಪ್ರಯೋಗಶಾಲೆಯಲ್ಲಿ ಹಬ್ಬಿಸಿದ ಎಳೆಗಳು.

ಈ ಎಳೆಗಳಿಗೆ ಪ್ರಬಲ ಶತ್ರುವೆಂದರೆ ಬೂಷ್ಟು. ಹೊಟ್ಟಿನಲ್ಲಿ ಬೂಷ್ಟಿನ ಕಣಗಳು ಮೊದಲೇ ಲೆಕ್ಕವಿಲ್ಲದಷ್ಟು ಇರುವುವು. ನೀರು ಬಿದ್ದೊಡನೆ ಅಣಬೆಗಿಂತ ಬೇಗನೆ ಬೆಳೆಯುವುವು. ಆದಕಾರಣ ಬೇಸಾಯಗಾರನ ಕೆಲಸವೆಲ್ಲ ಒಂದೇ: ಶತ್ರುವನ್ನು ಬಿಸಿನೀರಿನಿಂದ ತಗ್ಗಿಸಿ, ಅವನು ಚೇತರಿಸಿಕೊಳ್ಳುವುದರೊಳಗೆ ಅಣಬೆಯು ಹೊಟ್ಟನ್ನೆಲ್ಲ ಆಕ್ರಮಿಸುವಂತೆ ಅನುಕೂಲ ಮಾಡಿಕೊಡುವುದು. ಇದನ್ನು ಮನಸ್ಸಿನಲ್ಲಿಟ್ಟರೆ ಎಲ್ಲಿ ಕಾಯಬೇಕು, ಎಲ್ಲಿ ತ್ವರೆ ಮಾಡಬೇಕು ಎಂಬುದು ತಾನಾಗಿಯೇ ತಿಳಿಯುವುದು.

ಈ ಕಲೆ ನಮ್ಮ ದೇಶಕ್ಕೆ ತೀರ ಹೊಸದೇನಲ್ಲ. ಭತ್ತದ ಹುಲ್ಲಿನ ಅಣಬೆಯನ್ನು ಕೊಯಮತ್ತೂರಿನಲ್ಲಿ 1940ರಲ್ಲಿಯೇ ಬೆಳೆದರು. 1983ರಲ್ಲಿ ಹಿಮಾಚಲ ಪ್ರದೇಶದ ಸೋಲನ್ ಪಟ್ಟಣದಲ್ಲಿ ಅಣಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ನಮ್ಮ ರಾಜ್ಯದಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಅಣಬೆಯ ಸಂಶೋಧನೆಯೂ ತರಬೇತಿಯೂ ನಡೆಯುವುವು.

ತಾಳ್ಮೆ ಬೇಕಾದ ಕೆಲಸಗಳು

1. ಬೀಜವನ್ನು ತರಿಸುವುದು. ಹೊಟ್ಟು, ಚೀಲ, ಹಂಡೆ, ಥರ್ಮಾಮೀಟರು, ಕೋಣೆ ಇವೆಲ್ಲವೂ ಸಿದ್ಧವಾದ ಮೇಲೆಯೇ ಬೀಜವನ್ನು ತರಿಸತಕ್ಕದ್ದು. ಬೀಜವು ಮೊದಲು ಬಂದರೆ ಅದೇ ನಮ್ಮನ್ನು ಅಟ್ಟಿಸಿಕೊಂಡು ಹೋಗುವುದು. ಒಳ್ಳೆಯ ಬೀಜವು ಬೆಳ್ಳಗೆ ಹತ್ತಿಯಂತೆ ಕಾಳನ್ನು ಮುಚ್ಚಿರಬೇಕು. ಹಸುರು, ಕಪ್ಪು ಚುಕ್ಕೆಗಳಾಗಲಿ ಹುಳಿವಾಸನೆಯಾಗಲಿ ಇರಕೂಡದು. ದೂರದಿಂದ ತರುವಾಗ ಬಿಸಿಲಿಗೆ ಕಾದ ಬಸ್ಸಿನ ಮೂಲೆಯಲ್ಲಿ ಇಡದೆ, ಗಾಳಿಯಾಡುವ ಕೈಚೀಲದಲ್ಲಿ ನೆರಳಿನಲ್ಲಿ ತರತಕ್ಕದ್ದು. ಚಿಪ್ಪಣಬೆಯ ಬೀಜವನ್ನು ಫ್ರಿಜ್ಜಿನಲ್ಲಿ ಕೆಲವು ದಿನ ಇಟ್ಟರೆ ಬಾಧಕವಿಲ್ಲ. ಆ ಗೃಹಿಣಿಯು ಇದೊಂದನ್ನು ತಿಳಿದಿದ್ದರೆ ಆ ರಾತ್ರಿಯ ಅವಸರವೇ ಬೇಕಾಗಿರಲಿಲ್ಲ.

2. ಹೊಟ್ಟನ್ನು ಆರಿಸುವುದು ಮತ್ತು ನೆನೆಸುವುದು. ಆ ವರ್ಷದ, ಮಳೆಯಲ್ಲಿ ನೆನೆಯದ, ಬಂಗಾರದ ಬಣ್ಣದ ಹೊಟ್ಟೇ ಆಗಬೇಕು. ಕಪ್ಪಾದ ಹೊಟ್ಟಿನಲ್ಲಿ ಶತ್ರುವು ಮೊದಲೇ ಮನೆ ಮಾಡಿರುವನು. ಗೋಧಿಯ ಹೊಟ್ಟು, ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ ಇವೂ ಆಗುವುವು. ಉದ್ದವಾದುದನ್ನು ಎರಡು ಮೂರು ಅಂಗುಲದಷ್ಟು ಕತ್ತರಿಸಿ, ಶುದ್ಧವಾದ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕತಕ್ಕದ್ದು.

3. ಬಿಸಿನೀರಿನ ಸಂಸ್ಕಾರ. ನೀರು 65ರಿಂದ 70 ಡಿಗ್ರಿ ಸೆಂಟಿಗ್ರೇಡಿಗೆ ಬಂದಾಗ ನೆನೆದ ಹೊಟ್ಟನ್ನು ಗೋಣಿಚೀಲದಲ್ಲಿ ತುಂಬಿ ಅದರಲ್ಲಿ ಮುಳುಗಿಸಿ, ಆ ಶಾಖವು ಇಳಿಯದಂತೆ ಪೂರ್ತಿ ಒಂದು ಗಂಟೆ ಇಡಬೇಕು. ಹೊಟ್ಟನ್ನು ಹಾಕಿದಾಗ ನೀರಿನ ಶಾಖವು ಕುಗ್ಗುವುದು. ಮತ್ತೆ 65 ಡಿಗ್ರಿಗೆ ಏರಿದ ಕ್ಷಣದಿಂದ ಗಂಟೆಯನ್ನು ಎಣಿಸತಕ್ಕದ್ದು. ಕೈಯಿಂದ ಮುಟ್ಟಿ ಅಂದಾಜು ಮಾಡುವುದು ತರವಲ್ಲ. ಫಾರ್ಮಲಿನ್ ಮೊದಲಾದ ಔಷಧಿಗಳಿಂದ ಶುದ್ಧಿಮಾಡುವ ಕ್ರಮವೂ ಉಂಟು; ಆದರೆ ಅದರ ಹೊಗೆಯು ಕಣ್ಣಿಗೂ ಉಸಿರಿಗೂ ಕೇಡು. ಮಕ್ಕಳಿರುವ ಮನೆಯಲ್ಲಿ ಬಿಸಿನೀರೇ ಲೇಸು.

4. ಬಸಿಯುವುದು ಮತ್ತು ಆರಿಸುವುದು. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಹೊಟ್ಟನ್ನು ಇಳಿಜಾರಾದ ಶುದ್ಧವಾದ ಜಾಗದಲ್ಲಿ ತೊಳೆದ ಹಾಳೆಯ ಮೇಲೆ ತೆಳುವಾಗಿ ಹರಡಬೇಕು. ಒಂದು ಹಿಡಿಯನ್ನು ಮುಷ್ಟಿಯಲ್ಲಿ ಬಲವಾಗಿ ಹಿಂಡಿದರೆ ನೀರು ತೊಟ್ಟಿಕ್ಕಕೂಡದು. ಅಂಗೈ ಮಾತ್ರ ಒದ್ದೆಯಾಗಬೇಕು. ಅನಂತರ ಗುಡ್ಡೆಯ ಮೇಲೆ ಮುಟ್ಟಿ ನೋಡದೆ, ಒಳಕ್ಕೆ ಕೈಯಿಟ್ಟು ನೋಡತಕ್ಕದ್ದು. ಮೇಲೆ ತಣ್ಣಗಿದ್ದರೂ ಒಳಗೆ ಬಿಸಿ ಉಳಿದಿರುವುದು. 30 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಬೀಜವನ್ನು ಮುಟ್ಟಕೂಡದು. 40 ಡಿಗ್ರಿ ದಾಟಿದ ಬಿಸಿಯಲ್ಲಿ ಎಳೆಗಳು ಬದುಕುವ ಭರವಸೆಯಿಲ್ಲ.

5. ಹಬ್ಬುವ ಕಾಲ. ಚೀಲಗಳನ್ನು ತುಂಬಿ, ಬಾಯಿ ಕಟ್ಟಿ, ಸುತ್ತಲೂ ಸಣ್ಣ ರಂಧ್ರಗಳನ್ನು ಮಾಡಿ, ಕತ್ತಲೆಯ ಕೋಣೆಯಲ್ಲಿ ಇಟ್ಟ ಮೇಲೆ 15ರಿಂದ 20 ದಿನಗಳವರೆಗೆ ನಮ್ಮ ಕೆಲಸವೇನೂ ಇಲ್ಲ. ಚೀಲವು ಪಾರದರ್ಶಕವಾಗಿರುವುದರಿಂದ ಹೊರಗಿನಿಂದಲೇ ನೋಡಬಹುದು, ಬಾಯಿ ಬಿಚ್ಚಕೂಡದು.

ತ್ವರೆ ಮಾಡಲೇಬೇಕಾದ ಕೆಲಸಗಳು

ತಾಳ್ಮೆಯ ಮಾತನ್ನು ಕೇಳಿ ಎಲ್ಲದರಲ್ಲಿಯೂ ನಿಧಾನಿಸುವುದು ಮತ್ತೊಂದು ತಪ್ಪು. ಆರಿದ ಹೊಟ್ಟನ್ನು ಆ ದಿನವೇ ತುಂಬಿ ಮುಗಿಸಬೇಕು. ನಾಳೆಗೆ ಉಳಿಸಿದರೆ ಗಾಳಿಯಲ್ಲಿರುವ ಬೂಷ್ಟು ಮತ್ತೆ ಸೇರುವುದು. ಬಿಚ್ಚಿದ ಬೀಜದ ಪೊಟ್ಟಣವನ್ನು ಅರ್ಧ ಉಳಿಸಿಕೊಳ್ಳಕೂಡದು. ಒಂದು ಕೆ.ಜಿ. ಒಣಹೊಟ್ಟು ನೆನೆದು ಬಸಿದ ಮೇಲೆ ಸುಮಾರು ಮೂರು ಕೆ.ಜಿ. ತೂಗುವುದು, ಹಸಿತೂಕದ ನೂರಕ್ಕೆ ಎರಡು ಮೂರರಂತೆ ಅದಕ್ಕೆ 60ರಿಂದ 90 ಗ್ರಾಂ ಬೀಜ ಬೇಕು. ಅಂದರೆ 250 ಗ್ರಾಮಿನ ಒಂದು ಪೊಟ್ಟಣವು ಮೂರು ಕೆ.ಜಿ. ಒಣಹೊಟ್ಟಿಗೆ ಸಾಕು. ಈ ಲೆಕ್ಕವನ್ನು ಮೊದಲೇ ಮಾಡಿಕೊಂಡರೆ ಬೀಜವೂ ಉಳಿಯದು, ಹೊಟ್ಟೂ ಉಳಿಯದು.

ಹಸುರು ಬೂಷ್ಟು ಹತ್ತಿದ ಚೀಲವನ್ನು ಕಂಡ ದಿನವೇ, ಬಿಚ್ಚದೆ, ಹೊರಕ್ಕೆ ಒಯ್ದು ದೂರದಲ್ಲಿ ಹುಗಿಯಬೇಕು. ಅಯ್ಯೋ ದುಡ್ಡು ಕೊಟ್ಟುದಲ್ಲವೆ ಎಂದು ಇಟ್ಟುಕೊಂಡರೆ ಅದರ ಪುಡಿ ಹಾರಿ ನೆರೆಯ ಚೀಲಗಳನ್ನೂ ಹಿಡಿಯುವುದು. ಕೊಯ್ಲಿನಲ್ಲಿಯೂ ತ್ವರೆ ಬೇಕು. ಕೊಡೆಯ ಅಂಚು ಮೇಲಕ್ಕೆ ಮಡಿಸಿಕೊಳ್ಳುವ ಮೊದಲೇ ಬುಡವನ್ನು ಹಿಡಿದು ತಿರುಚಿ ಕೀಳತಕ್ಕದ್ದು. ಇನ್ನಷ್ಟು ದೊಡ್ಡದಾಗಲೆಂದು ಬಿಟ್ಟರೆ ತೂಕವೂ ರುಚಿಯೂ ಕಡಿಮೆಯಾಗುವುದಲ್ಲದೆ, ಬಿಳಿಯ ಪುಡಿಯು ಉದುರಿ ಕೋಣೆಯನ್ನು ತುಂಬುವುದು. ಆ ಪುಡಿಯು ಕೆಲವರಿಗೆ ಕೆಮ್ಮು ದಮ್ಮುಗಳನ್ನು ಉಂಟುಮಾಡುವುದರಿಂದ, ಕೊಯ್ಯುವವರು ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳುವುದು ಕ್ಷೇಮ.

ಕೆಲವು ವ್ಯರ್ಥವಾದ ಆತಂಕಗಳು

ಮೊದಲ ಮೂರು ದಿನ ಏನೂ ಕಾಣುವುದಿಲ್ಲವೆಂದು ಹೆದರುವವರುಂಟು. ಪೊಟ್ಟಣದಿಂದ ಬಿಡಿಸಿದ ಎಳೆಗಳು ಹೊಸ ಜಾಗದಲ್ಲಿ ಚೇತರಿಸಿಕೊಳ್ಳಲು ಅಷ್ಟು ಕಾಲ ಬೇಕು, ಇದು ಸಹಜ.

ಚೀಲದ ಒಳಮೈಯಲ್ಲಿ ನೀರಿನ ಹನಿಗಳು, ಕೆಲವೊಮ್ಮೆ ತುಸು ಹಳದಿಯಾದ ಹನಿಗಳು ಕಾಣಬಹುದು. ದುರ್ವಾಸನೆಯಿಲ್ಲದಿದ್ದರೆ ಚಿಂತೆಯಿಲ್ಲ. ತಳದಲ್ಲಿ ನೀರು ನಿಂತರೆ ಶುದ್ಧವಾದ ಸೂಜಿಯಿಂದ ಒಂದು ತೂತು ಮಾಡಿ ಬಿಟ್ಟರೆ ಸಾಕು.

ಬಿಳಿಯ ಎಳೆಗಳನ್ನೇ ಬೂಷ್ಟೆಂದು ತಿಳಿದು ಒಳ್ಳೆಯ ಚೀಲವನ್ನು ಎಸೆದವರನ್ನು ನಾನು ಕಂಡಿದ್ದೇನೆ. ಬಿಳಿಯು ಅಣಬೆಯ ಬಣ್ಣ. ಹಸುರು, ಕಪ್ಪು, ಕಿತ್ತಳೆ ಬಣ್ಣಗಳು ಶತ್ರುವಿನವು. ಹಸುರು ಬೂಷ್ಟು ಕೂಡ ಎಳೆಯದಾಗಿರುವಾಗ ಬೆಳ್ಳಗಿರುವುದುಂಟು. ಸಂದೇಹ ಬಂದ ಚೀಲವನ್ನು ಬೇರೆ ಕಡೆ ಇಟ್ಟು ಎರಡು ಮೂರು ದಿನ ನೋಡಿದರೆ ನಿಜವು ತಿಳಿಯುವುದು.

ಚಳಿಗಾಲದಲ್ಲಿ ಇಪ್ಪತ್ತು ದಿನವಾದರೂ ಚೀಲವು ಪೂರ್ತಿ ಬೆಳ್ಳಗಾಗಲಿಲ್ಲವೆಂಬುದು ಮತ್ತೊಂದು ದೂರು. ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಎತ್ತರದಲ್ಲಿರುವ ನಮ್ಮ ಈ ಸೀಮೆಯಲ್ಲಿ ಪುಷ್ಯ ಮಾಘಗಳ ರಾತ್ರಿಗಳು ತಂಪು. ಎಳೆಗಳು ಚುರುಕಾಗಿ ಹಬ್ಬುವುದು 22ರಿಂದ 26 ಡಿಗ್ರಿಯಲ್ಲಿ. ಚಳಿಯಲ್ಲಿ ನಿಧಾನವಾಗುವುದೇ ಹೊರತು ಕೆಡುವುದಿಲ್ಲ. ಒಂದು ವಾರ ಹೆಚ್ಚಾಗಿ ಕಾಯತಕ್ಕದ್ದು. ಬೇಸಗೆಯ ಮಾತು ಬೇರೆ. ಮಾರ್ಚಿಯಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ಹೊಸಬರು ಚಿಪ್ಪಣಬೆಗೆ ಕೈಹಾಕಕೂಡದು. 30ರಿಂದ 35 ಡಿಗ್ರಿಯ ಶಾಖವನ್ನು ಬಯಸುವ ಹಾಲಣಬೆ ಎಂಬುದೊಂದುಂಟು; ಅದಕ್ಕೆ ಮೇಲೆ ಮಣ್ಣಿನ ಹೊದಿಕೆ ಬೇಕು, ಕೈಯೂ ಪಳಗಿರಬೇಕು.

ಚೀಲವು ಪೂರ್ತಿ ಬೆಳ್ಳಗಾದ ಮೇಲೆ ಅದನ್ನು ಸೀಳಿ, ಮಂದವಾದ ಬೆಳಕೂ ಗಾಳಿಯೂ ಬರುವಂತೆ ಮಾಡಿ, ನೆಲಕ್ಕೂ ಗೋಡೆಗೆ ಕಟ್ಟಿದ ಗೋಣಿತಟ್ಟಿಗೂ ದಿನಕ್ಕೆ ಎರಡು ಮೂರು ಸಾರಿ ನೀರು ಚಿಮುಕಿಸಬೇಕು. ಸುಮಾರು ಒಂದು ವಾರದಲ್ಲಿ ಗುಂಡುಸೂಜಿಯ ತಲೆಯಂಥ ಮೊಗ್ಗುಗಳು ಕಾಣುವುವು. ಅವು ಒಣಗಿದರೆ ತೇವ ಸಾಲದೆಂದೂ, ಕಾಲು ಉದ್ದವಾಗಿ ಕೊಡೆ ಚಿಕ್ಕದಾದರೆ ಗಾಳಿ ಸಾಲದೆಂದೂ ತಿಳಿಯತಕ್ಕದ್ದು. ಎರಡಕ್ಕೂ ಪರಿಹಾರ ಉಂಟು. ಮುಂದಿನ ಕೊಯ್ಲಿಗೆ ಸರಿಹೋಗುವುದು.

ವ್ಯರ್ಥವಲ್ಲದ ಒಂದು ಭಯ

ಅಣಬೆಯಲ್ಲಿ ವಿಷವಿರುವುದಿಲ್ಲವೇ ಎಂದು ಹಿರಿಯರು ಕೇಳುವರು, ಕೇಳುವುದು ನ್ಯಾಯವೇ. ಪ್ರಯೋಗಶಾಲೆಯ ಶುದ್ಧವಾದ ಬೀಜದಿಂದ ಬೆಳೆದ ಚಿಪ್ಪಣಬೆಯು ಉಣ್ಣತಕ್ಕದ್ದು. ಆದರೆ ನಾವು ಬಿತ್ತದ ಬೇರೆ ಅಣಬೆಗಳೂ ಚೀಲದಲ್ಲಿ ಏಳುವುದುಂಟು. ತೆಳ್ಳಗಿದ್ದು, ಬೇಗನೆ ಕರಗಿ ಮಸಿಯಂತೆ ಕಪ್ಪು ನೀರಾಗುವ ನಾಯಿಕೊಡೆಯು ಅಂಥದು. ಬಿತ್ತಿದುದನ್ನು ಮಾತ್ರ ತಿನ್ನಬೇಕು. ಗುರುತು ಸಿಗದುದನ್ನು ಕಿತ್ತು ಹುಗಿಯಬೇಕು. ಹೊಲದ ಬದುವಿನ ಮೇಲೆ ತಾನಾಗಿ ಎದ್ದುದನ್ನು, ಚೆಂದಾಗಿದೆಯೆಂದು ಮನೆಗೆ ತರಕೂಡದು. ಬೆಳ್ಳಿಯ ನಾಣ್ಯ, ಬೆಳ್ಳುಳ್ಳಿಗಳಿಂದ ವಿಷವನ್ನು ಪರೀಕ್ಷಿಸಬಹುದೆಂಬುದು ಶುದ್ಧ ಸುಳ್ಳು.

ಲಾಭನಷ್ಟದ ಲೆಕ್ಕ

ಒಂದು ಕೆ.ಜಿ. ಒಣಹೊಟ್ಟಿನಿಂದ ಮೂರು ಕೊಯ್ಲುಗಳಲ್ಲಿ ಒಟ್ಟು 500ರಿಂದ 700 ಗ್ರಾಂ ಹಸಿ ಅಣಬೆ ಬಂದರೆ ಹೊಸಬರಿಗೆ ಒಳ್ಳೆಯ ಬೆಳೆ. ಚೀಲ ತುಂಬಿದ ದಿನದಿಂದ ಇದಕ್ಕೆ ಸುಮಾರು ಆರೇಳು ವಾರ ಬೇಕು. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇರುವುದರಿಂದ ಹೊರಗಿಟ್ಟರೆ ಎರಡು ದಿನವೂ ಬಾಳದು. ಆದಕಾರಣ ಚೀಲ ತುಂಬುವ ಮೊದಲೇ ಕೊಳ್ಳುವವರನ್ನು ವಿಚಾರಿಸಿಕೊಳ್ಳತಕ್ಕದ್ದು. ಹುಮನಾಬಾದಿನ ಮೂಲಕ ಹೋಗುವ ಹೈದರಾಬಾದು ಪುಣೆ ಹೆದ್ದಾರಿಯ ಊಟದ ಮನೆಗಳಲ್ಲಿ ಕೇಳಬಹುದು, ನೆರೆಹೊರೆಯವರಲ್ಲಿ ಕೇಳಬಹುದು. ಮಾರಿ ಉಳಿದುದನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಡಬ್ಬಿಯಲ್ಲಿಟ್ಟರೆ ಬಹುಕಾಲ ಬರುವುದು, ಹತ್ತು ಕೆ.ಜಿ. ಹಸಿಯು ಒಣಗಿದರೆ ಸುಮಾರು ಒಂದು ಕೆ.ಜಿ. ಆಗುವುದು. ಬೆಳೆ ಮುಗಿದ ಹೊಟ್ಟು ತಿಪ್ಪೆಗೆ ಸೇರಿ ಒಳ್ಳೆಯ ಗೊಬ್ಬರವಾಗುವುದು.

ಇದರಿಂದ ಹೊಸಬರಿಗೆ ನಾನು ಕೊಡುವ ಸಲಹೆ ಇಷ್ಟೇ. ಮೊದಲ ಸಾರಿ ಐದು ಆರು ಚೀಲಗಳಿಗಿಂತ ಹೆಚ್ಚು ತುಂಬಬಾರದು. ಎರಡು ಪೊಟ್ಟಣ ಬೀಜ ಸಾಕು. ಸಾಲ ಮಾಡಬಾರದು. ಮಕ್ಕಳ ಶುಲ್ಕಕ್ಕೆ, ಬಿತ್ತನೆಯ ಬೀಜಕ್ಕೆ ಇಟ್ಟ ಹಣವನ್ನು ಮುಟ್ಟಬಾರದು. ಬಂದ ಬೆಳೆಯನ್ನು ಮೊದಲು ಮನೆಯವರು ಉಣ್ಣಲಿ. ಪ್ರತಿ ಚೀಲಕ್ಕೂ ಸಂಖ್ಯೆ, ತಾರೀಖು, ತುಂಬಿದ ವೇಳೆ ಬರೆದಿಡಲಿ. ಸೋತರೂ ಕಾರಣ ತಿಳಿದು ಸೋತಂತಾಗುವುದು.

ಆ ಗೃಹಿಣಿಯ ಸಂಗತಿಯನ್ನು ಮುಗಿಸುತ್ತೇನೆ. ಹನ್ನೊಂದು ಚೀಲಗಳನ್ನು ನಾವಿಬ್ಬರೂ ಸೇರಿ ಹೊರಕ್ಕೆ ಹಾಕಿ ಹುಗಿದೆವು. ಉಳಿದ ಒಂಬತ್ತನ್ನು ಮುಟ್ಟಬೇಡಿರೆಂದು ಹೇಳಿ ಬಂದೆನು. ಮೂರು ಕೊಯ್ಲುಗಳಲ್ಲಿ ಐದು ಕೆ.ಜಿ.ಗೆ ತುಸು ಹೆಚ್ಚಾಗಿ ಅಣಬೆ ದೊರೆಯಿತು. ಹಾಕಿದ ಹಣವೆಲ್ಲ ಬರಲಿಲ್ಲ. ಮಗನ ಶುಲ್ಕಕ್ಕೆ ಅಷ್ಟನ್ನು ಬೇರೆ ಕಡೆಯಿಂದ ಹೊಂದಿಸಬೇಕಾಯಿತು. ಆದರೆ ಮೊದಲ ಕೊಯ್ಲಿನ ದಿನ ಅವರು ಗಂಡನಿಗೆ ನಡೆದುದೆಲ್ಲವನ್ನೂ ಹೇಳಿದರಂತೆ. ಎರಡನೆಯ ಸಾರಿ ನಾನು ಆ ಮನೆಗೆ ಹೋದಾಗ ಅಂಗಳದಲ್ಲಿ ಹೊಟ್ಟು ಹರಡಿತ್ತು. ಆ ತಾಯಿ ಅದರೊಳಕ್ಕೆ ಥರ್ಮಾಮೀಟರನ್ನು ಚುಚ್ಚಿ ಬದಿಯಲ್ಲಿ ಕುಳಿತು ಜೋಳ ಹಸನುಮಾಡುತ್ತಿದ್ದರು. “ಇನ್ನೂ ಮೂವತ್ತಾರು ಐತ್ರಿ. ಕುಂದರ್ರಿ, ಚಾ ಕುಡಿಯೋದರೊಳಗ ಆರತದ” ಎಂದರು. ಆ ಸಾರಿ ತುಂಬಿದ್ದು ಆರು ಚೀಲ, ಆರೂ ಬಂದವು.

ಈ ವಿಷಯದಲ್ಲಿ ಹೆಚ್ಚಿನ ತಿಳಿವಳಿಕೆ ಬೇಕಾದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಬೀದರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಕೆಟ್ಟ ಚೀಲವಿದ್ದರೆ ನಾಚಿಕೆಪಡದೆ ತಿಳಿಸಬೇಕೆಂದು ಕೋರುತ್ತೇನೆ. ಬೆಳೆದ ಅಣಬೆಯನ್ನು ನೋಡಿ ನಾವು ಕಲಿಯುವುದಕ್ಕಿಂತ ಕೆಟ್ಟ ಚೀಲವನ್ನು ನೋಡಿ ಕಲಿಯುವುದೇ ಹೆಚ್ಚು.